ನೀರಿನ ವರದಿ ‘ಸರಿ ಇದೆ’ ಅಂದ್ರೂ ಬ್ಯಾಕ್ಟೀರಿಯಾ ಬದುಕಿರಬಹುದಾ? ಇಲ್ಲಿದೆ ಮಾಹಿತಿ

ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಟ್ಟು, ‘ಬ್ಯಾಕ್ಟೀರಿಯಾ ಕಂಡುಬಂದಿಲ್ಲ’ ಅಂತ ವರದಿ ಬಂದರೆ ಮನೆಯವರಿಗೂ ಹೋಟೆಲ್‌ನವರಿಗೂ ನಿರಾಳ. ಆದರೆ ವರದಿಯ ಅರ್ಥ ಇಷ್ಟೇ: ಲ್ಯಾಬ್‌ನಲ್ಲಿ ಏನೂ ಬೆಳೆಯಲಿಲ್ಲ. ಬೆಳೆಯದ್ದೆಲ್ಲ ಸತ್ತಿದೆ ಅಂತ ಅಲ್ಲ.

ಸಾಮಾನ್ಯ ಪರೀಕ್ಷೆ ಹೇಗೆ?
ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರವಿರುವ ತಟ್ಟೆ ಅಥವಾ ಬಾಟಲಿಗೆ ನೀರು ಹಾಕಿ, ಒಂದೆರಡು ದಿನ ಬೆಚ್ಚಗೆ ಇಡುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಿದರೆ ತಟ್ಟೆಯಲ್ಲಿ ಚುಕ್ಕೆಗಳು ಕಾಣುತ್ತವೆ. ಎಚ್‌ಟುಎಸ್ ಬಾಟಲಿಯಾದರೆ ನೀರು ಕಪ್ಪಾಗುತ್ತದೆ.

ಬೆಳೆಯದೆ ಬದುಕುವುದು ಹೇಗೆ?
ಚಳಿ, ಆಹಾರದ ಕೊರತೆ, ಸಾಕಷ್ಟಿಲ್ಲದ ಕ್ಲೋರಿನ್ ಮುಂತಾದ ಕಷ್ಟಕ್ಕೆ ಸಿಕ್ಕಾಗ ಕೆಲವು ಬ್ಯಾಕ್ಟೀರಿಯಾ ಬೆಳೆಯುವುದನ್ನೇ ನಿಲ್ಲಿಸುತ್ತವೆ. ಮೊಳಕೆ ಬಾರದ ಬೀಜದ ಹಾಗೆ ಜೀವ ಹಿಡಿದುಕೊಂಡಿರುತ್ತವೆ. ಕಾಲರಾ ಮತ್ತು ಇ-ಕೋಲಿ ಬ್ಯಾಕ್ಟೀರಿಯಾಗಳಲ್ಲಿ ಇದನ್ನು 1982ರಲ್ಲಿ ತೋರಿಸಿದ್ದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ರೀಟಾ ಕಾಲ್ವೆಲ್ ಅವರ ತಂಡ. ಇಂಥ ಕಾಲರಾ ಬ್ಯಾಕ್ಟೀರಿಯಾ ಮನುಷ್ಯನ ಕರುಳು ಸೇರಿದರೆ ಮತ್ತೆ ಬೆಳೆಯಬಲ್ಲದು ಎಂಬುದೂ ಮುಂದೆ ಗೊತ್ತಾಯಿತು. ಬಾಂಗ್ಲಾದೇಶದಲ್ಲಿ ತಟ್ಟೆ ಪರೀಕ್ಷೆಗೆ ಸಿಗದ ಕಾಲರಾ ಬ್ಯಾಕ್ಟೀರಿಯಾ ಬೇರೆ ವಿಧಾನದಲ್ಲಿ ಪತ್ತೆಯಾಗಿತ್ತು.

ಪತ್ತೆ ಮಾಡುವ ವಿಧಾನಗಳು
1. ಉದ್ದವಾಗಿಸಿ ಎಣಿಸುವುದು: 1979ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ವಿಧಾನ. ನೀರಿಗೆ ಸ್ವಲ್ಪ ಯೀಸ್ಟ್ ಸಾರ, ಜೊತೆಗೆ ನ್ಯಾಲಿಡಿಕ್ಸಿಕ್ ಆಮ್ಲ ಸೇರಿಸುತ್ತಾರೆ. ಜೀವ ಇರುವ ಬ್ಯಾಕ್ಟೀರಿಯಾ ತಿಂದು ಉದ್ದವಾಗುತ್ತೆ, ಆದರೆ ಔಷಧಿ ಇರುವುದರಿಂದ ಎರಡಾಗಿ ಒಡೆಯಲ್ಲ. ಉದ್ದವಾದವನ್ನು ಮೈಕ್ರೋಸ್ಕೋಪ್‌ನಲ್ಲಿ ಎಣಿಸಿದರೆ ಬದುಕಿರುವವು ಎಷ್ಟು ಅಂತ ತಿಳಿಯುತ್ತದೆ.
2. ಎರಡು ಬಣ್ಣ: ಹಸಿರು ಬಣ್ಣ ಎಲ್ಲ ಬ್ಯಾಕ್ಟೀರಿಯಾಗಳ ಒಳಗೂ ಹೋಗುತ್ತದೆ. ಕೆಂಪು ಬಣ್ಣ ಹೋಗುವುದು ಹೊರಪೊರೆ ಹರಿದವುಗಳ ಒಳಗೆ ಮಾತ್ರ. ಹಸಿರಾಗಿ ಹೊಳೆದರೆ ಪೊರೆ ಗಟ್ಟಿ ಇದೆ, ಜೀವ ಇರಬಹುದು ಅಂತ ಲೆಕ್ಕ.
3. ಪಿಸಿಆರ್: ಇದು ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತದೆ. ಹಾಗಾಗಿ ಮೊದಲೇ ಪಿಎಂಎ ಎಂಬ ಬಣ್ಣ ಹಾಕಿ, ಪೊರೆ ಹರಿದವುಗಳ ಡಿಎನ್‌ಎ ಲೆಕ್ಕಕ್ಕೆ ಬಾರದಂತೆ ತಡೆಯುತ್ತಾರೆ.

ಜನ ಏನು ಮಾಡಬೇಕು?
ಇವು ಸಂಶೋಧನೆಯಲ್ಲಿ ಬಳಸುವ ವಿಧಾನಗಳು, ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಇರುವುದಿಲ್ಲ. ಹಾಗಂತ ಮಾಮೂಲಿ ಪರೀಕ್ಷೆ ಬಿಡುವಂತಿಲ್ಲ. ಕೊಳಕು ಸೇರಿದ್ದನ್ನು ಮೊದಲು ತಿಳಿಸುವುದು ಅದೇ.

• ಪೈಪ್ ಒಡೆದಾಗ, ಮಳೆನೀರು ನುಗ್ಗಿದಾಗ ಹಳೆಯ ವರದಿ ನಂಬಬೇಡಿ.
• ಕುಡಿಯುವ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ 1 ನಿಮಿಷ ಕುದಿಸಿ.
• ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.
• ಟ್ಯಾಂಕ್, ಕ್ಯಾನ್, ಡ್ರಮ್‌ಗಳನ್ನು ತೊಳೆದು ಮುಚ್ಚಿಡಿ.