ಭವಾನಿಯ ದಡದ ನಾಲ್ಕು ಜೀವಗಳು

ನೀಲಗಿರಿಯಲ್ಲಿ ಹುಟ್ಟಿ, ಅಟ್ಟಪ್ಪಾಡಿಯ ಕಣಿವೆ ಬಳಸಿ ಮತ್ತೆ ಮೂಡಲಿಗೆ ತಿರುಗುವ ಭವಾನಿ, ಕಾವೇರಿಯನ್ನು ಕೂಡುವ ಮುನ್ನ ಮೆಟ್ಟುಪಾಳ್ಯಂ ಊರನ್ನು ಹಾಯ್ದು ಹೋಗುತ್ತಾಳೆ. ಹಿಂದೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಕೈಸೇರಿತು. ದೊರೆಗಳು ಬದಲಾದರು. ಹೊಳೆಯ ಮೀನು, ಗದ್ದೆಯ ಕಪ್ಪೆ, ಹುಣಸೆಮರದ ಕಾಗೆ, ಬೆಟ್ಟದ ಬುಡದ ಆನೆ ಇವುಗಳ ಬಾಳು ಮಾತ್ರ ಇದ್ದಂತೆಯೇ ಇತ್ತು. ನಾಲ್ಕಕ್ಕೂ ಒಂದೇ ವಿಷದ ಕಾಟ. ಮೈಯೊಳಗೆ ಪ್ರೋಟೀನು ಒಡೆದಾಗ ಹುಟ್ಟುವ ಅಮೋನಿಯಾ ಅದು. ರಕ್ತದಲ್ಲಿ ಹೆಚ್ಚಾದರೆ ಮಿದುಳನ್ನೇ ಕೆಡಿಸುತ್ತದೆ.

ಈ ವಿಷ ಇಳಿಸುವ ಅಂಗ ಯಕೃತ್ತೆಂದು ಜಗತ್ತಿಗೆ ತಿಳಿದದ್ದು 19ನೆಯ ಶತಮಾನದ ಕೊನೆಗೆ. 1882ರಲ್ಲಿ ಶ್ರೋಡರ್ ಎಂಬ ವಿಜ್ಞಾನಿ, ಅಮೋನಿಯಾ ಲವಣ ಬೆರೆಸಿದ ರಕ್ತವನ್ನು ನಾಯಿಯ ಯಕೃತ್ತಿನಲ್ಲಿ ಹರಿಸಿ ಅಮೋನಿಯಾ ಯೂರಿಯಾ ಆಗುವುದನ್ನು ಕಂಡರು. 1886ರಲ್ಲಿ ಮಿಂಕೋವ್‌ಸ್ಕಿ ಹೆಬ್ಬಾತುಗಳ ಯಕೃತ್ತನ್ನು ತೆಗೆದಾಗ, ಅವುಗಳ ವಿಸರ್ಜನೆಯಲ್ಲಿ ಯೂರಿಕ್ ಆಮ್ಲ ಕುಸಿದು ಅಮೋನಿಯಾ ಏರಿತು. ಪಾವ್ಲೋವ್ ಮತ್ತು ಸಂಗಡಿಗರು 1893ರಲ್ಲಿ, ಕರುಳಿನ ರಕ್ತ ಯಕೃತ್ತಿಗೆ ಹೋಗದಂತೆ ತಿರುಗಿಸಿದ ನಾಯಿಗಳನ್ನು ವರ್ಣಿಸಿದರು. ಮಾಂಸ ತಿಂದ ಮೇಲೆ ಅವು ತೂರಾಡಿ ಪ್ರಜ್ಞೆ ತಪ್ಪುತ್ತಿದ್ದವು. ಆ ಮೂಕಪ್ರಾಣಿಗಳ ಸಂಕಟವನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು.

1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ, ಹಲ್ಲುಪಟ್ಟಿ ಕಚ್ಚಿ ಬೆಟ್ಟವೇರುವ ರೈಲು ಹೊರಟಿತು. ಐದು ವರ್ಷ ಕಳೆದು, 1904ರಲ್ಲಿ, ಕೊಸೆಲ್ ಮತ್ತು ಡೇಕಿನ್ ಯಕೃತ್ತಿನಲ್ಲಿ ಆರ್ಜಿನೇಸ್ ಎಂಬ ಕಿಣ್ವವನ್ನು ಗುರುತಿಸಿದರು. ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಸೀಳಿ ಯೂರಿಯಾ ಕೊಡುವ ಕಿಣ್ವ ಅದು. ಆದರೆ ಆರ್ಜಿನೀನಿನ ಹಿಂದಿನ ದಾರಿ ಕತ್ತಲಲ್ಲೇ ಉಳಿಯಿತು.

ಕತ್ತಲು ಹರಿದದ್ದು 1932ರಲ್ಲಿ, ಜರ್ಮನಿಯ ಫ್ರೈಬರ್ಗಿನಲ್ಲಿ. ಹಾನ್ಸ್ ಕ್ರೆಬ್ಸ್ ಎಂಬ ತರುಣ ವೈದ್ಯರೂ ಕುರ್ಟ್ ಹೆನ್ಸೆಲೈಟ್ ಎಂಬ ವಿದ್ಯಾರ್ಥಿಯೂ ಇಲಿಯ ಯಕೃತ್ತಿನ ತೆಳು ಹೋಳುಗಳಿಗೆ ಅಮೋನಿಯಾ ಉಣಿಸುತ್ತಿದ್ದರು. ಆರ್ನಿಥಿನ್ ಎಂಬ ಅಮೈನೋ ಆಮ್ಲವನ್ನು ತುಸು ಬೆರೆಸಿದೊಡನೆ ಯೂರಿಯಾ ಏರಿತು. ಆರ್ನಿಥಿನ್ ಮಾತ್ರ ಖರ್ಚಾಗಲಿಲ್ಲ. ಕೊಯಮತ್ತೂರು ಸೀಮೆಯ ಬಾವಿಗಳಲ್ಲಿ ಎತ್ತು ಎಳೆಯುತ್ತಿದ್ದ ಕಪಿಲೆಯನ್ನು ಕಂಡವರಿಗೆ ಇದು ಥಟ್ಟನೆ ಹೊಳೆದೀತು. ತೊಗಲಿನ ಬಾನಿ ಇಳಿದು, ತುಂಬಿ, ಮೇಲೆ ಬಂದು, ಸುರಿದು, ಬರಿದಾಗಿ ಮತ್ತೆ ಇಳಿಯುತ್ತದೆ. ಆರ್ನಿಥಿನ್ ಅಂಥ ಬಾನಿ. ಅಮೋನಿಯಾದ ಹೊರೆ ಏರಿದರೆ ಅದು ಸಿಟ್ರುಲಿನ್. ಆಸ್ಪಾರ್ಟಿಕ್ ಆಮ್ಲ ಇನ್ನೊಂದು ನೈಟ್ರೋಜನ್ ಕೊಟ್ಟ ಮೇಲೆ ಆರ್ಜಿನೀನ್. ಯೂರಿಯಾ ಸುರಿದ ಮೇಲೆ ಮರಳಿ ಆರ್ನಿಥಿನ್. ಇದೇ ಯೂರಿಯಾ ಚಕ್ರ. ಆ ಸಿಟ್ರುಲಿನ್ನನ್ನು ಜಪಾನಿನ ವಾಡಾ 1930ರಲ್ಲಷ್ಟೇ ಕಲ್ಲಂಗಡಿ ರಸದಿಂದ ಬೇರ್ಪಡಿಸಿ ಗುರುತಿಸಿದ್ದರು. ಫ್ರೈಬರ್ಗಿನ ಆ ಶೋಧದ ಮರುವರ್ಷ, 1933ರಲ್ಲಿ, ಯಹೂದಿಯೆಂಬ ಒಂದೇ ಕಾರಣಕ್ಕೆ ಕ್ರೆಬ್ಸ್ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋಗಬೇಕಾಯಿತು. ಜರ್ಮನಿ ತನ್ನ ಕೈಯಾರೆ ಮಾಡಿಕೊಂಡ ನಷ್ಟ ಅದು.

ಮುಂದೆ ಅಮೆರಿಕದ ಫಿಲಿಪ್ ಕೋಹೆನ್ ಮತ್ತು ಜೊತೆಗಾರರು ಕಪ್ಪೆಯತ್ತ ತಿರುಗಿದರು. ನೀರಿನಲ್ಲಿರುವ ಗೊದಮೊಟ್ಟೆ ಅಮೋನಿಯಾವನ್ನು ಹಾಗೆಯೇ ಹೊರಗೆ ಬಿಡುತ್ತದೆ. ಕಾಲು ಮೂಡಿ ನೆಲಕ್ಕೆ ಬರುವ ಹೊತ್ತಿಗೆ ಅದರ ಯಕೃತ್ತಿನಲ್ಲಿ ಯೂರಿಯಾ ಚಕ್ರದ ಕಿಣ್ವಗಳು ಹಲವು ಪಟ್ಟು ಹೆಚ್ಚುತ್ತವೆ. ಒಂದೇ ಜೀವ ತನ್ನ ಆಯುಷ್ಯದೊಳಗೆ ಅಮೋನಿಯಾ ಬಿಡುವ ಮೀನಿನ ಕ್ರಮ ಬಿಟ್ಟು ಯೂರಿಯಾ ಮಾಡುವ ಆನೆಯ ಕ್ರಮಕ್ಕೆ ಸೇರುವ ಈ ಪರ್ವವೇ ನನಗೆ ಇಡೀ ಕಥನದಲ್ಲಿ ದೊಡ್ಡದು.

ಈ ವಿಷ ಇಳಿಸುವಲ್ಲಿ ಯಕೃತ್ತು ನಡೆಯುವುದು ನೀರಿನ ಅಂಕೆಯಲ್ಲಿ. ಭವಾನಿಯ ಮೀನಿಗೆ ಸುತ್ತಲೂ ನೀರಿದೆ. ಅಮೋನಿಯಾ ಹೆಚ್ಚಾಗಿ ಕಿವಿರಿನಿಂದಲೇ ಹೊಳೆಗೆ ಹೋಗುತ್ತದೆ. ಆನೆ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳೆಯುತ್ತದೆ. ಮೊಟ್ಟೆಯ ಚಿಪ್ಪಿನೊಳಗೆ ಬೆಳೆಯುವ ಹಕ್ಕಿಗೆ ಆ ಅನುಕೂಲವೂ ಇಲ್ಲ. ಅದರ ಯಕೃತ್ತು ಅಮೋನಿಯಾವನ್ನು ಮೊದಲು ಗ್ಲುಟಮಿನ್‌ನಲ್ಲಿ ಕಟ್ಟಿ, ಬಳಿಕ ನೀರಿನಲ್ಲಿ ಬಹುಮಟ್ಟಿಗೆ ಕರಗದ ಯೂರಿಕ್ ಆಮ್ಲವಾಗಿಸುತ್ತದೆ. ಕಾಗೆಯ ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗ ಅದೇ.