ಪೆಕ್‌ಹ್ಯಾಮ್‌ನ ಆರೋಗ್ಯ ಕೇಂದ್ರ ಮತ್ತು ಅದರ ಉತ್ತರಾಧಿಕಾರ

ಒಂಟಿತನ, ಸಾಲದ ಚಿಂತೆ, ಕೆಲಸವಿಲ್ಲದ ಬೇಸರಗಳಿಂದ ನವೆಯುತ್ತಿರುವ ರೋಗಿಯನ್ನು ವೈದ್ಯರು ಔಷಧದ ಅಂಗಡಿಗೆ ಕಳಿಸುವ ಬದಲು ತೋಟಗಾರಿಕೆಯ ಗುಂಪಿಗೋ ಹಾಡುಗಾರರ ಕೂಟಕ್ಕೋ ಸಲಹಾ ಕೇಂದ್ರಕ್ಕೋ ಸೇರಿಸುವ ಕ್ರಮವನ್ನು ಬ್ರಿಟನ್ನಿನಲ್ಲಿ ‘ಸೋಷಿಯಲ್ ಪ್ರಿಸ್ಕ್ರೈಬಿಂಗ್’ ಎನ್ನುತ್ತಾರೆ. ಇದನ್ನು ಈ ಶತಮಾನದ ಆವಿಷ್ಕಾರವೆಂಬಂತೆ ವಿವರಿಸುವುದು ರೂಢಿಯಾಗಿದ್ದರೂ, ಇದರ ಬುಡದಲ್ಲಿರುವ ವಿಚಾರವನ್ನು ಜಾರ್ಜ್ ಸ್ಕಾಟ್ ವಿಲಿಯಮ್ಸನ್ ಮತ್ತು ಇನ್ನೆಸ್ ಪಿಯರ್ಸ್ ಎಂಬ ಇಬ್ಬರು ವೈದ್ಯರು 1926ರಲ್ಲಿಯೇ ಆಗ್ನೇಯ ಲಂಡನ್ನಿನ ಪೆಕ್‌ಹ್ಯಾಮ್‌ನಲ್ಲಿ ಪರೀಕ್ಷೆಗೆ ಒಡ್ಡಿದ್ದರು.

ಸಣ್ಣ ಮನೆಯೊಂದರಲ್ಲಿ ಆರಂಭವಾಗಿ 1929ರಲ್ಲಿ ನಿಂತ ಮೊದಲ ಹಂತದಲ್ಲಿ, ತಪಾಸಣೆಯಿಂದ ದೋಷವನ್ನು ಪತ್ತೆಹಚ್ಚಿದರಷ್ಟೇ ಸಾಲದು, ಜನ ಮರಳಿ ಹೋಗುವ ಬದುಕೂ ಬದಲಾಗಬೇಕು ಎಂಬುದು ಅವರಿಗೆ ಮನದಟ್ಟಾಯಿತು. ಆದ್ದರಿಂದ 1935ರಲ್ಲಿ ತೆರೆದ ಹೊಸ ಕೇಂದ್ರವು ಆಸ್ಪತ್ರೆಗಿಂತ ಹೆಚ್ಚಾಗಿ ಕ್ಲಬ್ಬನ್ನು ಹೋಲುತ್ತಿತ್ತು. ಎಂಜಿನಿಯರ್ ಓವನ್ ವಿಲಿಯಮ್ಸ್ ರೂಪಿಸಿದ ಆ ಕಾಂಕ್ರೀಟು ಕಟ್ಟಡದ ನಡುವೆ ಈಜುಕೊಳವಿದ್ದು, ಗಾಜಿನ ಗೋಡೆಗಳ ಮೂಲಕ ಚಹಾ ಕುಡಿಯುತ್ತ ಕುಳಿತವರಿಗೂ ಈಜುವವರು ಕಾಣುತ್ತಿದ್ದರು. ನಡೆದು ಬರುವಷ್ಟು ದೂರದಲ್ಲಿ ವಾಸಿಸುವವರಿಗೆ ಮಾತ್ರ ಸದಸ್ಯತ್ವ ಸಿಗುತ್ತಿತ್ತು. ಅದೂ ಒಬ್ಬೊಬ್ಬರಿಗಲ್ಲ, ಇಡೀ ಕುಟುಂಬಕ್ಕೆ, ವಾರಕ್ಕೆ ಒಂದು ಷಿಲಿಂಗ್ ಚಂದಾ ಮೇಲೆ. ಕಾಲಕಾಲಕ್ಕೆ ನಡೆಯುವ ತಪಾಸಣೆಯಲ್ಲಿ ಕಂಡದ್ದನ್ನು ವೈದ್ಯರು ಮನೆಮಂದಿಗೆ ವಿವರಿಸುತ್ತಿದ್ದರೇ ಹೊರತು ಅಲ್ಲಿ ಚಿಕಿತ್ಸೆ ಕೊಡುತ್ತಿರಲಿಲ್ಲ. ಏನನ್ನು ಆಡಬೇಕು, ಯಾವುದನ್ನು ಕಲಿಯಬೇಕು ಎಂದು ವಿಧಿಸುತ್ತಲೂ ಇರಲಿಲ್ಲ. ನೆರೆಯವರು ಮಾಡುವುದನ್ನು ಕಣ್ಣಾರೆ ಕಂಡವರು ತಾವಾಗಿಯೇ ಅದಕ್ಕೆ ಇಳಿಯುತ್ತಾರೆ ಎಂಬ ನಂಬಿಕೆಯೇ ಆ ಗಾಜಿನ ಗೋಡೆಗಳಿಗೆ ಕಾರಣವಾಗಿತ್ತು. ಇಂದಿನ ಪದ್ಧತಿಗೂ ಪೆಕ್‌ಹ್ಯಾಮ್‌ಗೂ ಇರುವ ಮುಖ್ಯ ಅಂತರ ಇಲ್ಲಿಯೇ ಇದೆ: ಅಲ್ಲಿ ಯಾರೂ ಯಾರನ್ನೂ ಎಲ್ಲಿಗೂ ಕಳಿಸುತ್ತಿರಲಿಲ್ಲ.

ಮಹಾಯುದ್ಧದಲ್ಲಿ ಮುಚ್ಚಿದ ಕೇಂದ್ರ 1946ರಲ್ಲಿ ಮತ್ತೆ ತೆರೆಯಿತಾದರೂ 1950ರಲ್ಲಿ ಶಾಶ್ವತವಾಗಿ ನಿಂತುಹೋಯಿತು. 1948ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡಲು ಹುಟ್ಟಿದ್ದು. ಚಂದಾ ಪಡೆದು, ಸುತ್ತಲಿನ ಕುಟುಂಬಗಳಿಗಷ್ಟೇ ಬಾಗಿಲು ತೆರೆದು, ಚಿಕಿತ್ಸೆಯನ್ನೇ ನೀಡದ ಸಂಸ್ಥೆ ಅದರ ಚೌಕಟ್ಟಿಗೆ ಹೊಂದಲಿಲ್ಲ. ದಾನಿಗಳ ಹಣವನ್ನು ನೆಚ್ಚಿದ್ದ ಕೇಂದ್ರಕ್ಕೆ ಬೇರೆ ಆಸರೆಯೂ ಇರಲಿಲ್ಲವಾದ್ದರಿಂದ, ತಪ್ಪನ್ನೆಲ್ಲ ಸರ್ಕಾರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಆ ವಿಚಾರ ಬೇರೊಂದು ದಾರಿಯಿಂದ ಮರಳಿತು. ಆಂಡ್ರ್ಯೂ ಮಾಸನ್ ಎಂಬ ಪಾದ್ರಿ 1984ರಲ್ಲಿ ಪೂರ್ವ ಲಂಡನ್ನಿನ ಬ್ರಾಮ್ಲಿ-ಬೈ-ಬೋಗೆ ಬಂದು, ಭಕ್ತರು ವಿರಳವಾಗಿದ್ದ ಚರ್ಚಿನ ಕಟ್ಟಡವನ್ನು ಕಲಾವಿದರಿಗೂ ಶಿಶುವಿಹಾರಕ್ಕೂ ಬಿಟ್ಟುಕೊಟ್ಟರು. ಅಲ್ಲಿ ಬೆಳೆದ ಚಟುವಟಿಕೆಗಳ ನಡುವೆಯೇ 1997ರಲ್ಲಿ ಆರೋಗ್ಯ ಕೇಂದ್ರವೊಂದು ತಲೆಯೆತ್ತಿತು. ಸ್ಯಾಮ್ ಎವೆರಿಂಗ್ಟನ್ ಮೊದಲಾದ ವೈದ್ಯರು ರೋಗಿಗಳನ್ನು ಪಕ್ಕದಲ್ಲಿಯೇ ಇದ್ದ ಕಲೆ, ತೋಟಗಾರಿಕೆ, ಉದ್ಯೋಗ ತರಬೇತಿಗಳತ್ತ ಕಳಿಸತೊಡಗಿದರು. ಚಟುವಟಿಕೆ ಮೊದಲು, ವೈದ್ಯರು ಆಮೇಲೆ ಎಂಬ ಈ ಕ್ರಮವನ್ನು ಮುಂದೆ ಅನುಕರಿಸಿದವರು ಅಷ್ಟಾಗಿ ಗಮನಿಸಲಿಲ್ಲ.

ಎನ್‌ಎಚ್‌ಎಸ್ 2019ರ ತನ್ನ ದೀರ್ಘಾವಧಿ ಯೋಜನೆಯಲ್ಲಿ ಸೋಷಿಯಲ್ ಪ್ರಿಸ್ಕ್ರೈಬಿಂಗ್ ಪದ್ಧತಿಯನ್ನು ಇಂಗ್ಲೆಂಡಿನಾದ್ಯಂತ ವಿಸ್ತರಿಸಲು ಹೊರಟು, ರೋಗಿಯ ಅಗತ್ಯವನ್ನು ಕೇಳಿ ತಿಳಿದು ಸ್ಥಳೀಯ ಗುಂಪುಗಳ ಪರಿಚಯ ಮಾಡಿಕೊಡುವ ‘ಲಿಂಕ್ ವರ್ಕರ್’ ಎಂಬ ಹುದ್ದೆಗಳಿಗೆ ಸಾವಿರಕ್ಕೂ ಹೆಚ್ಚು ಜನರನ್ನು ನೇಮಿಸುವ ಗುರಿ ಇಟ್ಟುಕೊಂಡಿತು. ಅವರ ಸಂಬಳವನ್ನು ಆರೋಗ್ಯ ಸೇವೆ ಭರಿಸುತ್ತದೆ. ಅವರು ರೋಗಿಗಳನ್ನು ಕಳಿಸಿಕೊಡುವ ತೋಟ, ಮೇಳ, ಕೂಟಗಳಾದರೋ ಬಹುಪಾಲು ಸ್ವಯಂಸೇವಕರ ದುಡಿಮೆಯಿಂದ, ವರ್ಷವರ್ಷವೂ ಅರಸಿ ತರಬೇಕಾದ ದೇಣಿಗೆಯಿಂದ ನಡೆಯುತ್ತವೆ.