ಅಳತೆಯೂ ಆಕಾಶವೂ

ನಮ್ಮ ಶಾಲೆಯು ಆರಂಭವಾದ ಕಾಲದಲ್ಲಿ ಕುಂದುರ್ಪಿ ಸೀಮೆಯು ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಗೆ ಸೇರಿತ್ತು. ಕೆಲವು ಹರದಾರಿ ಆಚೆಗೆ ಮೈಸೂರು ಸಂಸ್ಥಾನದ ಗಡಿ. ಅಂದಿನ ಮಕ್ಕಳು ಕಲಿತ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಧಾನ್ಯಕ್ಕೆ ಸೇರು, ಬಟ್ಟೆಗೆ ಮೊಳ ಮತ್ತು ಗಜ, ದಾರಿಗೆ ಮೈಲಿ. ಒಂದು ಊರಿನ ಸೇರು ಮತ್ತೊಂದು ಊರಿನ ಸೇರಿಗೆ ಸರಿಹೊಂದದೆಂಬುದು ಸಂತೆಗೆ ಹೋದವರೆಲ್ಲರೂ ಬಲ್ಲ ಮಾತಾಗಿತ್ತು.

ಗಡಿಯವರಾದ ನಮಗೆ ಈ ತೊಡಕು ಇಂದಿಗೂ ಹೊಸತಲ್ಲ. ಇಲ್ಲಿ ಎಕರೆಗೆ 100 ಸೆಂಟು; ಕರ್ನಾಟಕದಲ್ಲಿ ಎಕರೆಗೆ 40 ಗುಂಟೆ. ನಮ್ಮ ಬಂಧುಗಳ ವಿಭಾಗಪತ್ರವೊಂದರಲ್ಲಿ ಆಚೆ ಕಡೆಯ ಹೊಲವನ್ನು ‘1.10’ ಎಂದಷ್ಟೇ ಬರೆಯಲಾಗಿತ್ತು. ಈಚೆಯ ತಮ್ಮನು ಅದನ್ನು ಒಂದು ಎಕರೆ 10 ಸೆಂಟು ಎಂದು ಓದಿದನು. ಆಚೆಯ ಅಣ್ಣನು ಒಂದು ಎಕರೆ 10 ಗುಂಟೆ, ಅಂದರೆ ಒಂದು ಎಕರೆ 25 ಸೆಂಟು, ಎಂದನು. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೂ 15 ಸೆಂಟು ನೆಲಕ್ಕಾಗಿ ಎರಡು ಮನೆಗಳ ನಡುವೆ ವರ್ಷಕಾಲ ಮಾತು ನಿಂತಿತು.

ಸ್ವಾತಂತ್ರ್ಯಾನಂತರ ದೇಶವು ಈ ಗೊಂದಲವನ್ನು ನೀಗಲು ಮುಂದಾಯಿತು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಅಂಗೀಕಾರವಾಯಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆಗಳಾದವು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ, ಮೀಟರುಗಳು ಹಂತಹಂತವಾಗಿ ಬಳಕೆಗೆ ಬಂದವು.

ಇದೇ ಬದಲಾವಣೆಯನ್ನು ನಮ್ಮ ನೆರೆಯ ಬೆಂಗಳೂರಿನ ವಿಮಾನೋದ್ಯಮವೂ ಎದುರಿಸಬೇಕಾಯಿತು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಮೊದಲು ಕೈಗೆತ್ತಿಕೊಂಡದ್ದು ಅಮೆರಿಕದ ವಿನ್ಯಾಸಗಳನ್ನು. ಅನಂತರ ಬ್ರಿಟಿಷ್ ವಿನ್ಯಾಸದ ನ್ಯಾಟ್ ವಿಮಾನವೂ ಅಲ್ಲಿ ತಯಾರಾಯಿತು. ಅವು ಅಂಗುಲ, ಪೌಂಡುಗಳ ಲೋಕದಿಂದ ಬಂದವು. ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ‘ಆರ್ಯಭಟ’ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಗಗನಕ್ಕೇರಿತು. ಅದರ ತೂಕವನ್ನು ನಾವು ಓದಿದ್ದು ಪೌಂಡುಗಳಲ್ಲಲ್ಲ, 360 ಕಿಲೋಗ್ರಾಂ ಎಂದು.

ಅಳತೆ ಬೆರೆತರೆ ಆಗುವ ಹಾನಿಯನ್ನು ಜಗತ್ತು 1999ರ ಸೆಪ್ಟೆಂಬರ್ 23ರಂದು ಕಂಡಿತು. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಪುಟ್ಟ ಎಂಜಿನ್ನುಗಳ ನೂಕುಬಲವನ್ನು ಒಂದು ತಂಡದ ತಂತ್ರಾಂಶವು ಪೌಂಡುಗಳಲ್ಲಿ ಲೆಕ್ಕ ಹಾಕಿ ಕೊಟ್ಟಿತು. ಪಥ ನಿರ್ಣಯಿಸುವ ತಂಡವು ಅದೇ ಅಂಕಿಯನ್ನು ನ್ಯೂಟನ್ ಎಂದು ಭಾವಿಸಿತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಒಂಬತ್ತು ತಿಂಗಳ ಪಯಣದಲ್ಲಿ ಈ ಅಂತರವು ಸಂಚಯವಾಗಿ, ಮಂಗಳದಿಂದ 226 ಕಿಲೋಮೀಟರ್ ಎತ್ತರದಲ್ಲಿ ಸಾಗಬೇಕಿದ್ದ ನೌಕೆಯು ಸುಮಾರು 57 ಕಿಲೋಮೀಟರಿಗೆ ಇಳಿದು ನಾಶವಾಯಿತು. ನಮ್ಮ ಬಂಧುಗಳ ‘1.10’ ಮತ್ತು ಆ ನೌಕೆಯ ಅಂಕಿ, ಎರಡರ ದೋಷವೂ ಒಂದೇ: ಸಂಖ್ಯೆಯ ಮುಂದೆ ಅದರ ಮಾನವಿರಲಿಲ್ಲ, ಅಥವಾ ಅದನ್ನು ಯಾರೂ ವಿಚಾರಿಸಲಿಲ್ಲ.

ಹದಿನೈದು ವರ್ಷಗಳ ಅನಂತರ, 2014ರ ಸೆಪ್ಟೆಂಬರ್ 24ರಂದು, ನಮ್ಮ ಮಂಗಳಯಾನವು ಮೊದಲ ಯತ್ನದಲ್ಲೇ ಮಂಗಳದ ಕಕ್ಷೆಯನ್ನು ಸೇರಿತು. ಅಂದು ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳು ಹೊಡೆದ ಚಪ್ಪಾಳೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಹಾಗೆಂದು ಆಕಾಶವು ಪೂರ್ತಿ ಮೆಟ್ರಿಕ್ ಆಗಿಲ್ಲ. ವಿಮಾನ ಚಾಲಕರು ಇಂದಿಗೂ ಎತ್ತರವನ್ನು ಅಡಿಗಳಲ್ಲಿಯೇ ಹೇಳುತ್ತಾರೆ. ಎರಡು ಪದ್ಧತಿಗಳ ನಡುವೆ ಬಾಳುವವರಿಗೆ ಎಚ್ಚರವೇ ರಕ್ಷೆ.

ಎರಡು ನುಡಿ, ಎರಡು ರಾಜ್ಯಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಎಚ್ಚರ ಸಹಜವಾಗಿ ಒಲಿಯಬೇಕು. ಉತ್ತರ ಸರಿಯಿದ್ದರೂ ಮಾನ ಬರೆಯದವರಿಗೆ ನಾನು ಅರ್ಧ ಅಂಕ ಕಳೆದಾಗ, “ಅಷ್ಟಕ್ಕೇ ಕಳೆಯುವುದೇ, ಮೇಡಂ?” ಎಂದು ಮುನಿಸಿಕೊಂಡ ವಿದ್ಯಾರ್ಥಿಗಳು ಅನೇಕರು. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವರೆಲ್ಲರಿಗೂ ನನ್ನ ಉತ್ತರವಿದು.